ಆಂಡರ್ಸ್ ಜೋರ್ನ್: ನಾಲ್ಕು ಬಣ್ಣದ ಪ್ಯಾಲೆಟ್ ಕೆಲಸ ಮಾಡುವ ಬಗೆ

ಸ್ವೀಡನ್ನಿನ ಆಂಡರ್ಸ್ ಜೋರ್ನ್ (1860–1920) ಹೆಸರು ಎತ್ತಿದೊಡನೆ ಚಿತ್ರಕಲೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು ‘ಜೋರ್ನ್ ಪ್ಯಾಲೆಟ್’, ಅಂದರೆ ಅವರು ಆರಿಸಿಕೊಂಡ ಬಣ್ಣಗಳ ಕಟ್ಟು: ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಕೆಂಪು), ಐವರಿ ಬ್ಲ್ಯಾಕ್ (ಕಪ್ಪು). 1896ರಲ್ಲಿ ಅವರು ಬರೆದ, ರೂಪದರ್ಶಿಯೊಬ್ಬಳು ಹಿಂದೆ ಇರುವ ಸ್ವಚಿತ್ರದಲ್ಲಿ ಅವರ ಕೈಯ ಪ್ಯಾಲೆಟ್ (ಬಣ್ಣ ಬೆರೆಸುವ ಹಲಗೆ) ಮೇಲೆ ಕಾಣುವುದೂ ಇವೇ. ಹಾಗೆಂದು ನೀಲಿಯನ್ನು ಅವರು ಮುಟ್ಟಲೇ ಇಲ್ಲ ಎನ್ನುವುದು ಸರಿಯಲ್ಲ. ನೀರು, ಆಕಾಶ ತುಂಬಿದ ಚಿತ್ರಗಳಲ್ಲಿ, ಅದರಲ್ಲೂ ಜಲವರ್ಣಗಳಲ್ಲಿ, ನೀಲಿ ಧಾರಾಳವಾಗಿಯೇ ಇದೆ. ನಾಲ್ಕು ಬಣ್ಣಗಳ ಕಟ್ಟು ಮುಖ್ಯವಾಗಿ ಮೈಬಣ್ಣಕ್ಕೆ, ಒಳಾಂಗಣದ ಬೆಳಕಿಗೆ ಸೇರಿದ್ದು.

ಈ ನಾಲ್ಕು ಟ್ಯೂಬ್ ಕೊಂಡು ತಂದವರೆಲ್ಲರ ಕೈಯಲ್ಲೂ ಚಿತ್ರ ಮಂಕಾಗುವುದೇಕೆ? ಜೋರ್ನ್ ಬಣ್ಣಕ್ಕಿಂತ ಮೊದಲು ಟೋನ್, ಅಂದರೆ ಒಂದು ಜಾಗ ಎಷ್ಟು ತಿಳಿ ಎಷ್ಟು ಗಾಢ ಎಂಬುದನ್ನು, ನೋಡುತ್ತಿದ್ದವರು. ಅವರು ಮೊದಲು ಹೆಸರು ಮಾಡಿದ್ದು ಜಲವರ್ಣದಲ್ಲಿ. ತೈಲವರ್ಣಕ್ಕೆ ಗಂಭೀರವಾಗಿ ಕೈ ಹಾಕಿದ್ದು 1887–88ರ ಚಳಿಗಾಲದಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಲ್ಲಿ. ಪಾರದರ್ಶಕ ಜಲವರ್ಣದಲ್ಲಿ ಕಪ್ಪಾದದ್ದನ್ನು ಮತ್ತೆ ಬೆಳಗಿಸುವುದು ಕಷ್ಟ, ಯಾವ ಜಾಗ ಎಷ್ಟು ಗಾಢ ಎಂಬುದು ಬ್ರಷ್ ಮುಟ್ಟಿಸುವ ಮೊದಲೇ ತೀರ್ಮಾನವಾಗಿರಬೇಕು. ಸ್ವೀಡನ್ನಿನ ಡಾಲಾರೋದಲ್ಲಿ ಬರೆದ 1886ರ ಜಲವರ್ಣ ‘ಸೊಮ್ಮಾರ್‌ನೋಯೆ’ಯಲ್ಲಿ ನೀರನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಅಲೆಯ ಒಂದು ಮಗ್ಗುಲು ಆಕಾಶವನ್ನು ಪ್ರತಿಫಲಿಸುತ್ತದೆ, ಇನ್ನೊಂದು ಮಗ್ಗುಲು ನೀರಿನ ಆಳದ ಕಪ್ಪನ್ನು ತೋರಿಸುತ್ತದೆ. ಈ ಎರಡು ಟೋನ್‌ಗಳ ನಡುವಿನ ಅಂತರ ಸರಿಯಾಗಿ ಬಿದ್ದರೆ ಮಾತ್ರ ನೀರು ಅಲುಗುತ್ತದೆ. ಈ ಶಿಸ್ತನ್ನೇ ಅವರು ತೈಲಕ್ಕೂ ತಂದರು. ಬಣ್ಣ ಕಡಿಮೆಯಾದಷ್ಟೂ ಟೋನ್ ತಪ್ಪುವ ದಾರಿಗಳೂ ಕಡಿಮೆ.

ಇನ್ನು ಬೆರಕೆಗೆ ಬರೋಣ. ಐವರಿ ಬ್ಲ್ಯಾಕ್ ಸ್ವಭಾವದಲ್ಲಿ ತಣ್ಣನೆಯ, ಅಂದರೆ ನೀಲಿಯತ್ತ ವಾಲುವ, ಕಪ್ಪು. ಬಿಳಿಯ ಜೊತೆ ಬೆರೆಸಿದರೆ ಬರುವ ಬೂದು ಒಂಟಿಯಾಗಿದ್ದಾಗ ಬರೀ ಬೂದು. ಓಕರ್–ಕೆಂಪಿನ ಬಿಸಿ ಬಣ್ಣದ ಪಕ್ಕ ಇಟ್ಟರೆ ಕಣ್ಣು ಅದನ್ನು ನೀಲಿ ಎಂದೇ ಓದುತ್ತದೆ. ಮೂರು ಪಾಲು ಓಕರಿಗೆ ಒಂದು ಪಾಲು ಕಪ್ಪು ಸೇರಿದರೆ ಆಲಿವ್ ಹಸಿರು. ಕೆಂಪು ಮತ್ತು ಕಪ್ಪು ಸೇರಿದರೆ ಗಾಢ ಕಂದುಗೆಂಪು, ಅದಕ್ಕೆ ಚೂರು ಬಿಳಿ ಬಿದ್ದರೆ ಮಂದ ನೇರಳೆಯ ಛಾಯೆ. ಎಲೆಯ ಕಡು ಹಸಿರು, ನವಿಲು ನೀಲಿ, ಗುಲಾಬಿ ನೇರಳೆ ಇದರಲ್ಲಿ ಹುಟ್ಟುವುದಿಲ್ಲ, ಅದಕ್ಕಾಗಿ ಒದ್ದಾಡುವುದೂ ಬೇಡ. ಅಂಥ ವಸ್ತು ಚಿತ್ರದಲ್ಲಿದ್ದರೆ ಐದನೆಯ ಟ್ಯೂಬ್ ತೆರೆಯಿರಿ.

ಅಭ್ಯಾಸಕ್ಕೆ ಮೊದಲು ಒಂದು ಚಾರ್ಟ್ ಮಾಡಿಕೊಳ್ಳಿ. ಶುದ್ಧ ಓಕರ್‌ನಿಂದ ಶುದ್ಧ ಕೆಂಪಿನವರೆಗೆ ಅಡ್ಡಕ್ಕೆ ಐದು ಚೌಕ. ಪ್ರತಿಯೊಂದಕ್ಕೂ ಬಿಳಿ ಹೆಚ್ಚಿಸುತ್ತ ಕೆಳಕ್ಕೆ ನಾಲ್ಕು ಚೌಕ. ಇದೇ ಚಾರ್ಟನ್ನು ಚೂರು ಕಪ್ಪು ಬೆರೆಸಿ ಇನ್ನೊಮ್ಮೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಪ್ಪಿನ ಕೆಲಸ ಗಾಢ ಮಾಡುವುದಷ್ಟೇ ಅಲ್ಲ, ತಣಿಸುವುದು ಕೂಡ ಎಂಬುದು ಸ್ಪಷ್ಟವಾಗುತ್ತದೆ.

ಬಿಳಿ ಮೈಬಣ್ಣಕ್ಕೆ ನಾಲ್ಕು ಪಾಲು ಬಿಳಿ, ಎರಡು ಪಾಲು ಓಕರ್, ಒಂದು ಪಾಲು ಕೆಂಪಿನಿಂದ ಶುರು ಮಾಡಬಹುದು. ನಮ್ಮ ಕಂದು ಮೈಬಣ್ಣಕ್ಕೆ ಈ ಲೆಕ್ಕ ತಿರುಗುತ್ತದೆ: ಮೂರು ಪಾಲು ಓಕರ್, ಒಂದು ಪಾಲು ಕೆಂಪು, ಅರ್ಧ ಪಾಲು ಕಪ್ಪು, ಬಿಳಿ ಕೊನೆಗೆ, ಬೇಕಾದಷ್ಟೇ. ಕಂದು ಚರ್ಮದ ಹಣೆ, ಮೂಗಿನ ಮೇಲಿನ ಹೊಳಪು ಕಿತ್ತಳೆಯಲ್ಲ. ಕಿಟಕಿಯ ಬೆಳಕಿನಲ್ಲಿ ಅದು ತಣ್ಣನೆಯ ಬೂದು. ಬಿಳಿಗೆ ಕಪ್ಪು ತಾಗಿಸಿ ಅದನ್ನು ಹಾಕಬೇಕು. ಈ ಪ್ಯಾಲೆಟ್ ನಮ್ಮವರ ಮುಖಗಳಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ತಪ್ಪುವುದು ಬಹುಪಾಲು ಬಿಳಿಯಲ್ಲಿ. ಜೋರ್ನ್ ಕಾಲದ ಬಿಳಿ ಸೀಸದ ಬಿಳಿ. ಅದಕ್ಕೆ ಸ್ವಲ್ಪ ಬಿಸಿಯಿದೆ, ಬೇರೆ ಬಣ್ಣವನ್ನು ಅದು ನುಂಗಿಹಾಕುವುದಿಲ್ಲ. ಸೀಸ ವಿಷವಾದ್ದರಿಂದ ಈಗ ಹೆಚ್ಚಿನವರು ಬಳಸುವುದು ಟೈಟೇನಿಯಂ ವೈಟ್. ಅದರ ಬಲ ಬಹಳ ಹೆಚ್ಚು, ಛಾಯೆ ತಣ್ಣಗೆ. ಅಳತೆ ತಪ್ಪಿದರೆ ಮುಖದ ಮೇಲೆ ಸೀಮೆಸುಣ್ಣ ಬಳಿದಂತೆ ಕಾಣುತ್ತದೆ. ಪರಿಹಾರ ಸರಳ: ಮೇಲೆ ಹೇಳಿದ ಬಿಳಿಯ ಪಾಲನ್ನು ಅರ್ಧಕ್ಕಿಳಿಸಿ ಶುರು ಮಾಡಿ, ಬಣ್ಣ ತಿಳಿಯಾಗಬೇಕಾದಾಗ ಮೊದಲು ಓಕರ್ ಸೇರಿಸಿ, ಸಾಲದಿದ್ದರೆ ಮಾತ್ರ ಬಿಳಿ.

ಕೆಂಪಿನ ವಿಷಯ. ವರ್ಮಿಲಿಯನ್ ಪಾದರಸದ ವರ್ಣದ್ರವ್ಯ, ದುಬಾರಿ. ಬದಲಿಗೆ ಕ್ಯಾಡ್ಮಿಯಂ ರೆಡ್ ಲೈಟ್ ಸಾಕು. ಟ್ಯೂಬ್ ಮೇಲೆ ಅದರ ವರ್ಣದ್ರವ್ಯದ ಸಂಕೇತ ‘ಪಿಆರ್ 108’ ಎಂದಿದೆಯೇ ನೋಡಿ. ಹೆಸರಿನ ಮುಂದೆ ‘ಹ್ಯೂ’ ಎಂದಿದ್ದರೆ ಒಳಗಿರುವುದು ಬೇರೆಯೇ ದ್ರವ್ಯ, ಬಿಳಿ ಸೇರಿದಾಗ ಅದು ಗುಲಾಬಿಗೆ ಜಾರಬಹುದು. ಕಪ್ಪು ಕೊಳ್ಳುವಾಗ ಐವರಿ ಬ್ಲ್ಯಾಕ್ ಅಂದರೆ ‘ಪಿಬಿಕೆ 9’ ಅನ್ನೇ ಕೇಳಿ. ಇನ್ನೊಂದು ಕಪ್ಪಾದ ಮಾರ್ಸ್ ಬ್ಲ್ಯಾಕ್ ಎಷ್ಟು ಬಲಶಾಲಿಯೆಂದರೆ ಬಟಾಣಿ ಗಾತ್ರ ಬಿದ್ದರೂ ಓಕರ್ ಸತ್ತುಹೋಗುತ್ತದೆ, ನೀಲಿಯ ಭ್ರಮೆಯೂ ಹುಟ್ಟುವುದಿಲ್ಲ. ಐವರಿ ಬ್ಲ್ಯಾಕ್‌ಗೂ ಒಂದು ದೋಷವಿದೆ: ಎಣ್ಣೆ ಹೆಚ್ಚು, ಒಣಗುವುದು ನಿಧಾನ. ಅದನ್ನು ದಪ್ಪಗೆ ಬಳಿದು, ಮೇಲೆ ಬೇಗ ಒಣಗುವ ಬಣ್ಣ ಕೊಟ್ಟರೆ ಮುಂದೆ ಬಿರುಕು ಬಿಡಬಹುದು. ನೆರಳನ್ನು ತೆಳ್ಳಗೆ, ಬೆಳಕನ್ನು ಬೆಣ್ಣೆಯ ಹದದಲ್ಲಿ ದಪ್ಪಗೆ ಹಾಕುವ ಹಳೆಯ ಪದ್ಧತಿ ಇದಕ್ಕೂ ಒಳ್ಳೆಯದು.

ಬೆರಕೆ ಕೈಗೆ ಹತ್ತಿದ ಮೇಲೆ ಕಲಿಯಬೇಕಾದ್ದು ಅಂಚು. ಮತ್ತೆ 1896ರ ಸ್ವಚಿತ್ರಕ್ಕೆ ಹೋಗೋಣ: ಮುಂದಿರುವ ಜೋರ್ನ್ ಮೇಲೆ ಬೆಳಕು, ಹಿಂದಿನ ರೂಪದರ್ಶಿ ಅರೆಗತ್ತಲೆಯಲ್ಲಿ. ಆಕೆಯ ಮೈಯ ಗೆರೆ ಹಿನ್ನೆಲೆಯೊಳಗೆ ಕರಗುತ್ತದೆ. ಎರಡು ಪಕ್ಕದ ಜಾಗಗಳ ಟೋನ್ ಒಂದೇ ಆಗಿದ್ದಲ್ಲಿ ಗಡಿಯನ್ನು ಎಳೆಯುವ ಅಗತ್ಯವೇ ಇಲ್ಲ. ಬಂಡಿಯೊಳಗಿನ ಪ್ರಯಾಣಿಕರನ್ನು ತೋರಿಸುವ 1892ರ ‘ಆಮ್ನಿಬಸ್’ನಲ್ಲೂ (ಬಾಸ್ಟನ್ನಿನ ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್ನರ್ ಮ್ಯೂಸಿಯಂ) ಹೀಗೆಯೇ. ಕಿಟಕಿಯಿಂದ ಬರುವ ಬೆಳಕು ತಾಗಿದಲ್ಲಿ ಅಂಚು ಚೂಪು, ಕಪ್ಪು ಬಟ್ಟೆ ಕಪ್ಪು ಬಟ್ಟೆಗೆ ತಾಗಿದಲ್ಲಿ ಅಂಚೇ ಇಲ್ಲ. ಕಲಿಯುವವರು ಅಂಚು ಮೃದುವಾಗಲಿ ಎಂದು ಒಣ ಬ್ರಷ್‌ನಿಂದ ಇಡೀ ಕ್ಯಾನ್ವಾಸನ್ನು ಸವರುತ್ತಾರೆ. ಆಗ ಹೋಗುವುದು ಅಂಚಲ್ಲ, ಚಿತ್ರದ ಮೂಳೆ. ಟೋನ್ ಸರಿಯಾಗಿ ಹಾಕಿ, ಒಂದು ಎಳೆತಕ್ಕೆ ಬ್ರಷ್ ಎತ್ತಿ.

ಇದನ್ನು ಬಣ್ಣವಿಲ್ಲದೆ ಕಲಿಯಲು ಜೋರ್ನ್‌ರ ಎಚಿಂಗ್‌ಗಳಿಗಿಂತ (ಲೋಹದ ಫಲಕದ ಮೇಲೆ ಗೆರೆ ಕೊರೆದು ಕಾಗದಕ್ಕೆ ಅಚ್ಚು ಹಾಕಿದ ಚಿತ್ರಗಳು) ಒಳ್ಳೆಯ ಪಾಠವಿಲ್ಲ. ಫ್ರಾನ್ಸಿನ ವಿದ್ವಾಂಸ ಅರ್ನೆಸ್ಟ್ ರೆನಾನ್‌ರ 1892ರ ಎಚಿಂಗ್ ನೋಡಿ. ಹೊರರೇಖೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಓರೆಯಾಗಿ ಒಂದೇ ದಿಕ್ಕಿಗೆ ಸಾಗುವ ಉದ್ದ ಗೆರೆಗಳ ಗುಂಪುಗಳು, ಅಷ್ಟೇ. ಗೆರೆಗಳು ಎಲ್ಲಿ ನಿಂತವೋ ಅಲ್ಲಿ ಭುಜ ಮೂಡುತ್ತದೆ. ಬಾಲ್ ಪೆನ್ ಹಿಡಿದು ಅಂಗೈ ಅಗಲದ ಮುಖವೊಂದನ್ನು ಹೀಗೆ ಪ್ರತಿ ಮಾಡಿ. ಹೊರರೇಖೆ ಎಳೆಯಬೇಡಿ, ಅಡ್ಡಡ್ಡ ಗೆರೆಯೂ ಬೇಡ, ಗಾಢ ಬೇಕಾದಲ್ಲಿ ಗೆರೆಗಳನ್ನು ಹತ್ತಿರ ತನ್ನಿ. ಈ ಅಭ್ಯಾಸ ಹತ್ತಾರು ಸಲ ಆದ ಬಳಿಕ ಕ್ಯಾನ್ವಾಸಿಗೆ ಮರಳಿದರೆ ಬ್ರಷ್ಷನ್ನು ಎಲ್ಲಿ ಎತ್ತಬೇಕೆಂಬುದು ಕೈಗೇ ಗೊತ್ತಾಗತೊಡಗುತ್ತದೆ.