ಹೆಡ್‌ಫೋನ್‌ನಲ್ಲಿ ಚೆನ್ನಾಗೇ ಕೇಳ್ತಿತ್ತು

ಬೇರೆಯವರ ಪಾಡ್‌ಕಾಸ್ಟ್ ಎಡಿಟ್ ಮಾಡುವುದು ನನ್ನ ಕೆಲಸ. ಹಾಳಾದ ರೆಕಾರ್ಡಿಂಗ್ ಹಿಡಿದುಕೊಂಡು ಬಂದವರನ್ನು ನಾನು ಬೈಯುವುದಿಲ್ಲ. ಬೈಯುವ ಮುಖವೂ ನನಗಿಲ್ಲ. ನನ್ನ ಮೊದಲ ಸಂದರ್ಶನದ ಕಥೆಯೇ ಹಾಗಿದೆ.

ಅತಿಥಿ ಒಬ್ಬ ನಿವೃತ್ತ ನರ್ಸ್. ಮೇಜಿನ ಮೇಲೆ ಯುಎಸ್‌ಬಿ ಮೈಕ್ ಇಟ್ಟು, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡೆ. ಅವರ ದನಿ ಕಿವಿ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತಿತ್ತು. ಪರದೆ ಮೇಲೆ ಮಾತಿಗೆ ತಕ್ಕ ಹಾಗೆ ಅಲೆಗಳೂ ಏಳುತ್ತಿದ್ದವು. ಐವತ್ತು ನಿಮಿಷ ಮಾತಾಡಿದೆವು. ಆಮೇಲೆ ಫೈಲ್ ತೆರೆದರೆ, ಬಾವಿಯೊಳಗಿಂದ ಯಾರೋ ಮಾತಾಡಿದ ಹಾಗಿದೆ. ಅವರ ದನಿಗಿಂತ ಲ್ಯಾಪ್‌ಟಾಪ್ ಫ್ಯಾನಿನ ಸದ್ದೇ ಜಾಸ್ತಿ.

ಆಗಿದ್ದು ಇಷ್ಟೇ. ಶುರು ಮಾಡುವ ಮುಂಚೆ ಮೇಜು ಸರಿಸಲು ಮೈಕ್‌ನ ಕೇಬಲ್ ಬಿಚ್ಚಿ ಮತ್ತೆ ಹಾಕಿದ್ದೆ. ಮೈಕ್ ಕಾಣದಾದಾಗ ಸಾಫ್ಟ್‌ವೇರ್ ಲ್ಯಾಪ್‌ಟಾಪ್‌ನ ಒಳಗಿನ ಮೈಕ್‌ಗೆ ಹೋಗಿ ಕೂತಿತ್ತು. ಕೇಬಲ್ ವಾಪಸ್ ಹಾಕಿದರೂ ಅಲ್ಲಿಂದ ಎದ್ದು ಬರಲಿಲ್ಲ. ಅಲೆಗಳು ಏಳುತ್ತಿದ್ದವು ನಿಜ, ಒಳಗಿನ ಮೈಕ್‌ಗೂ ನಮ್ಮ ಮಾತು ಕೇಳುತ್ತಲ್ವಾ?

ಹೆಡ್‌ಫೋನ್‌ನಲ್ಲಿ ಹೇಗೆ ಚೆನ್ನಾಗಿ ಕೇಳಿತು ಎಂಬುದೇ ನನಗೆ ಎರಡು ದಿನ ತಲೆ ಕೆಡಿಸಿತು. ನಾನು ಹೆಡ್‌ಫೋನ್ ಚುಚ್ಚಿದ್ದು ಮೈಕ್‌ಗೇ. ಡೈರೆಕ್ಟ್ ಮಾನಿಟರಿಂಗ್ ಅನ್ನುತ್ತಾರೆ. ಸದ್ದು ಕಂಪ್ಯೂಟರ್ ಒಳಗೆ ಹೋಗಿ ವಾಪಸ್ ಬರುವುದಕ್ಕೆ ಚೂರು ಹೊತ್ತು ಹಿಡಿಯುತ್ತದೆ. ನಮ್ಮ ಮಾತೇ ನಮಗೆ ತಡವಾಗಿ ಕೇಳಿದರೆ ನಾಲಗೆ ತೊಡರುತ್ತದೆ. ಅದಕ್ಕೇ ಮೈಕ್ ಕಡೆಯಿಂದ ಸದ್ದು ನೇರ ಕಿವಿಗೆ ಬರುವ ಏರ್ಪಾಡು ಮಾಡಿರುತ್ತಾರೆ. ಒಳ್ಳೆಯದೇ. ಆದರೆ ಕಿವಿಗೆ ಬಂದದ್ದು ಮೈಕ್‌ನ ಸದ್ದು, ಫೈಲ್‌ಗೆ ಹೋದದ್ದು ಬೇರೆಯೇ.

ರಿಪೇರಿಗೂ ಕೂತೆ. ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಹಾಕಿದರೆ ಫ್ಯಾನ್ ಸದ್ದು ಹೋಯಿತು, ದನಿ ನೀರೊಳಗೆ ಮುಳುಗಿತು. ಇನ್ನೂ ಜಾಸ್ತಿ ಹಾಕಿದರೆ ವಾಕ್ಯದ ಕೊನೆಯೇ ಮಾಯ. ಕನ್ನಡದಲ್ಲಿ ಇದು ದೊಡ್ಡ ತಲೆನೋವು. ವಾಕ್ಯ ಮುಗಿಸುವಾಗ ನಮ್ಮ ದನಿ ಇಳಿಯುತ್ತದೆ, 'ಇಲ್ಲ' ಕೂತಿರುವುದೂ ಅಲ್ಲೇ. 'ನಾನು ಹೆದರಲಿಲ್ಲ' ಅಂದದ್ದು 'ನಾನು ಹೆದರ' ಎಂದು ನಿಂತುಹೋಗಿತ್ತು. ಗೋಡೆಗೆ ಬಡಿದು ಬಂದ ಪ್ರತಿಧ್ವನಿಯನ್ನಂತೂ ತೆಗೆಯಲಾಗಲೇ ಇಲ್ಲ. ಈಗಿನ ಎಐ ಟೂಲ್‌ಗಳು ಎಷ್ಟೋ ವಾಸಿ, ಆದರೂ ಅವೂ ಅಕ್ಷರ ನುಂಗುತ್ತವೆ.

ಈಗ ರೆಕಾರ್ಡ್ ಒತ್ತುವ ಮುಂಚೆ ಮೈಕ್‌ನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತೇನೆ. ಆಮೇಲೆ ಲ್ಯಾಪ್‌ಟಾಪ್ ಅಂಚನ್ನು ಕೆರೆಯುತ್ತೇನೆ. ಯಾವುದಕ್ಕೆ ಅಲೆ ಜೋರಾಗಿ ಏಳುತ್ತದೋ ಆ ಮೈಕೇ ಕೆಲಸ ಮಾಡುತ್ತಿರುವುದು. ಅರ್ಧ ನಿಮಿಷ ಅತಿಥಿಯನ್ನು ಏನಾದರೂ ಮಾತಾಡಿಸಿ, ನಿಲ್ಲಿಸಿ, ಆ ಫೈಲನ್ನೇ ತೆರೆದು ಕೇಳುತ್ತೇನೆ. ಕೇಬಲ್ ಮುಟ್ಟಿದರೆ ಮತ್ತೆ ಮೊದಲಿಂದ. ಲೆವೆಲ್, ಅಂದರೆ ದನಿ ಎಷ್ಟು ಜೋರಾಗಿ ದಾಖಲಾಗುತ್ತಿದೆ ಎಂದು ನೋಡುವುದೂ ಆಗಲೇ. ಜೋರಾಗಿ ನಕ್ಕಾಗಲೂ ಮೈನಸ್ 6 ಡೆಸಿಬಲ್ ದಾಟಬಾರದು, ಆ ಅಳತೆಯ ತುತ್ತತುದಿಯಾದ ಸೊನ್ನೆ ಮುಟ್ಟಿ ಒಡೆದ ದನಿ ಸರಿಹೋಗುವುದಿಲ್ಲ. ಜೊತೆಗೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಅದರಲ್ಲೂ ರೆಕಾರ್ಡಿಂಗ್ ಹಚ್ಚಿ ಮೇಜಿನ ಮೇಲೆ ಇಡುತ್ತೇನೆ. ಶುರುವಿಗೆ ಒಂದು ಚಪ್ಪಾಳೆ ತಟ್ಟಿದರೆ ಎರಡೂ ಫೈಲ್ ಹೊಂದಿಸುವುದು ಸುಲಭ.

ಆ ನರ್ಸ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದೆ. 'ಅಯ್ಯೋ, ಅದಕ್ಕೇನಂತೆ, ಇನ್ನೊಂದ್ಸಲ ಮಾಡೋಣ ಬಾಪ್ಪ' ಎಂದರು. ಎರಡನೇ ಸಲ ಸದ್ದು ಚೊಕ್ಕವಾಗಿ ಬಂತು. ಮಾತು ಮಾತ್ರ 'ಆವತ್ತೇ ಹೇಳಿದ್ನಲ್ಲ' ಎಂದು ಚಿಕ್ಕದಾಗುತ್ತಾ ಹೋಯಿತು. ಮೊದಲ ರಾತ್ರಿ ಪಾಳಿಯ ಕಥೆಗೆ ಅವರು ಮೊದಲ ಸಲ ಬಿದ್ದು ಬಿದ್ದು ನಕ್ಕಿದ್ದರು, ಆ ನಗು ಮತ್ತೆ ಬರಲಿಲ್ಲ. ಕೊನೆಗೆ ಕೇಳುಗರಿಗೆ ಒಂದು ಮಾತು ಹೇಳಿ, ಹಳೇ ಫೈಲಿನ ನಲವತ್ತು ಸೆಕೆಂಡನ್ನು ಫ್ಯಾನಿನ ಸದ್ದಿನ ಸಮೇತ ಹಾಗೇ ಸೇರಿಸಿದೆ.