ಆಗದೇ ಹೋದದ್ದನ್ನು ಅಳೆಯುವುದು ಹೇಗೆ?

ಸೇತುವೆ ಕಟ್ಟಿದರೆ ಅದು ಕಣ್ಣೆದುರು ನಿಂತಿರುತ್ತದೆ. ಗಾಳಿಗೆ ಸೇರದೆ ಉಳಿದ ಹೊಗೆಯನ್ನು, ತಪ್ಪಿದ ಸಾವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಹವಾಮಾನಕ್ಕೆಂದು ಖರ್ಚಾದ ಹಣ ಫಲ ಕೊಟ್ಟಿತೇ ಎಂದು ಪರಿಶೀಲಿಸುವವರನ್ನು ಮೂರು ದಶಕಗಳಿಂದ ಕಾಡುತ್ತಿರುವ ಪ್ರಶ್ನೆ ಇದು.

ವಿಶ್ವಸಂಸ್ಥೆಯ ಆಯೋಗವೊಂದು ಕೊಟ್ಟ 1987ರ ಬ್ರಂಟ್‌ಲ್ಯಾಂಡ್ ವರದಿ ಸುಸ್ಥಿರ ಅಭಿವೃದ್ಧಿಗೆ ಅರ್ಥ ಕೊಟ್ಟಿತು, ಅಳತೆಗೋಲು ಕೊಡಲಿಲ್ಲ. ಅಳೆಯಲೇಬೇಕಾದ ಪ್ರಸಂಗ ಬಂದದ್ದು 1997ರ ಕ್ಯೋಟೊ ಹವಾಮಾನ ಒಪ್ಪಂದದಿಂದ. ಅಭಿವೃದ್ಧಿಶೀಲ ದೇಶಗಳಲ್ಲಿ ತಗ್ಗಿದ ಮಾಲಿನ್ಯವನ್ನು ಶ್ರೀಮಂತ ದೇಶಗಳು ಕ್ರೆಡಿಟ್ ರೂಪದಲ್ಲಿ ಕೊಂಡು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಿತ್ತು. ಆದರೆ ಆ ಹಣ ಬಾರದಿದ್ದರೆ ಕೆಲಸ ನಡೆಯುತ್ತಲೇ ಇರಲಿಲ್ಲ ಎಂದು ತೋರಿಸಬೇಕಿತ್ತು.

ಈ ಲೆಕ್ಕ ಹೇಗೆ ಹಳಿ ತಪ್ಪುತ್ತದೆ ಎಂಬುದಕ್ಕೆ ಎಚ್‌ಎಫ್‌ಸಿ-23 ಅನಿಲದ ಕಥೆ ಸಾಕು. ಶೈತ್ಯೀಕರಣಕ್ಕೆ ಬಳಸುವ ಎಚ್‌ಸಿಎಫ್‌ಸಿ-22 ತಯಾರಿಸುವಾಗ ಹುಟ್ಟುವ, ಭೂಮಿಯ ಬಿಸಿ ಏರಿಸುವ ಉಪ ಉತ್ಪನ್ನ ಅದು. ಅದರ ಒಂದು ಟನ್ ಸುಟ್ಟರೆ 11,700 ಟನ್ ಇಂಗಾಲದ ಡೈಆಕ್ಸೈಡ್ ತಡೆದಂತೆ ಎಂದು ಕ್ರೆಡಿಟ್ ಸಿಗುತ್ತಿತ್ತು. ಸುಡುವ ಖರ್ಚು ತೀರಾ ಕಡಿಮೆ, ಕ್ರೆಡಿಟ್ಟಿನ ಆದಾಯ ಅದರ ಎಷ್ಟೋ ಪಟ್ಟು. ಸುಡುವುದಕ್ಕೆಂದೇ ಹೆಚ್ಚು ಅನಿಲ ಹುಟ್ಟಿಸಲಾಗುತ್ತಿದೆ ಎಂಬ ಆರೋಪ ಎದ್ದಿತು. ಕೊನೆಗೆ 2013ರ ಮೇ ತಿಂಗಳಿಂದ ಐರೋಪ್ಯ ಒಕ್ಕೂಟ ತನ್ನ ಮಾರುಕಟ್ಟೆಯಲ್ಲಿ ಈ ಕ್ರೆಡಿಟ್‌ಗಳನ್ನು ನಿಷೇಧಿಸಿತು. ಕಾಗದದಲ್ಲಿ ಮಾತ್ರ ಈ ಅನಿಲ ಸುಡುವಿಕೆ ಭಾರಿ ಯಶಸ್ಸು. ಟನ್ನುಗಳನ್ನಷ್ಟೇ ಎಣಿಸುವ ಮೌಲ್ಯಮಾಪನವನ್ನು ನಾನು ನಂಬದಿರುವುದು ಇದಕ್ಕೇ.

ಬದಲಾಗುವ ಹವಾಮಾನಕ್ಕೆ ಜನ ಹೊಂದಿಕೊಳ್ಳುವಂತೆ ಮಾಡುವ ಕೆಲಸಕ್ಕಂತೂ ಟನ್ನಿನಂಥ ಮಾನದಂಡವೂ ಇಲ್ಲ. 1970ರ ಭೋಲಾ ಚಂಡಮಾರುತ ಇಂದಿನ ಬಾಂಗ್ಲಾದೇಶದಲ್ಲಿ ಕನಿಷ್ಠ 3 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. 2007ರ ಚಂಡಮಾರುತ ಸಿದ್ರ್‌ನಲ್ಲಿ ಸತ್ತವರು ಸುಮಾರು ಮೂರೂವರೆ ಸಾವಿರ. ಮುನ್ಸೂಚನೆ, ಆಶ್ರಯ ಕಟ್ಟಡ, ಮನೆಮನೆಗೆ ಓಡಿ ಎಚ್ಚರಿಸಿದ ಸ್ವಯಂಸೇವಕರು, ಎಲ್ಲರಿಗೂ ಈ ಇಳಿಕೆಯಲ್ಲಿ ಪಾಲಿದೆ. ಯಾರದೆಷ್ಟು ಎಂದು ಬಿಡಿಸಲಾಗದು; ಎರಡು ಬಿರುಗಾಳಿಗಳೂ ಒಂದೇ ತೆರನಾದವಲ್ಲ. ಬದುಕುಳಿದವರ ಗದ್ದೆಗೆ ನುಗ್ಗಿದ ಉಪ್ಪುನೀರು ಸಾವಿನ ಅಂಕಿಯಲ್ಲಿ ಕಾಣುವುದೂ ಇಲ್ಲ. ಮೂರು ನಾಲ್ಕು ವರ್ಷಕ್ಕೆ ಯೋಜನೆ ಮುಗಿಸಿ ವರದಿ ಬರೆಯುವವರಿಗೆ ಇಂಥ ಹಾನಿ ಸಿಗುವುದು ಅಪರೂಪ.

2008ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಮೌಲ್ಯಮಾಪಕರು ಇದನ್ನೇ ಚರ್ಚಿಸಲು ಸೇರಿದ್ದರು. 2015ರಲ್ಲಿ ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿಯ 17 ಗುರಿ, 169 ಉಪಗುರಿಗಳನ್ನು ಒಪ್ಪಿತು. ಅದೇ ವರ್ಷದ ಪ್ಯಾರಿಸ್ ಒಪ್ಪಂದ ಐದು ವರ್ಷಕ್ಕೊಮ್ಮೆ ಜಾಗತಿಕ ಪರಾಮರ್ಶೆ ನಡೆಯಬೇಕೆಂದಿತು. 2023ರಲ್ಲಿ ದುಬೈನಲ್ಲಿ ಮುಗಿದ ಮೊದಲ ಪರಾಮರ್ಶೆ, ಜಗತ್ತು ಇನ್ನೂ ತಾಪದ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ದಾರಿಯಲ್ಲಿಲ್ಲ ಎಂದು ಹೇಳಿತು. ಮುಂದಿನದು 2028ಕ್ಕೆ.