ಅಪ್ಪ ಕೆಂಚ, ಮರಿ ಯಾಕೆ ಕಪ್ಪು?

ಪ್ರಶ್ನೆ: ನಮ್ಮ ಮನೆಯದು ಕೆಂಚು ಬಣ್ಣದ ಗಂಡು ಬೆಕ್ಕು. ಸೊಸೈಟಿಯ ಕರಿ ಬೆಕ್ಕು ನಾಲ್ಕು ಮರಿ ಹಾಕಿದೆ. ಎರಡು ಕಪ್ಪು, ಇನ್ನೆರಡಕ್ಕೆ ಕಪ್ಪಿನ ಮೇಲೆ ಕೆಂಚು ಮಚ್ಚೆ. ಪೂರ್ತಿ ಕೆಂಚು ಒಂದೂ ಇಲ್ಲ. ಅಪ್ಪ ಬೇರೆ ಯಾರಾದರೂ ಇರಬಹುದಾ?
– ಡೊಂಬಿವಲಿಯ ಓದುಗರೊಬ್ಬರು

ಸುಮ್ನೆ ಅನುಮಾನ ಬೇಡ. ಕರಿ ತಾಯಿಗೆ ಪೂರ್ತಿ ಕೆಂಚು ಮರಿ ಹುಟ್ಟುವುದೇ ಇಲ್ಲ, ಅಪ್ಪ ಯಾರೇ ಆಗಿರಲಿ.

ಕೆಂಚು ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ. ಗಂಡು ಮರಿಗೆ ಆ ಒಂದು ಎಕ್ಸ್ ಬರುವುದು ತಾಯಿಯಿಂದ, ಅಪ್ಪ ಕೊಡುವುದು ವೈ ಮಾತ್ರ. ಹಾಗಾಗಿ ಮಗ ಕಪ್ಪೋ ಕೆಂಚೋ ಅನ್ನುವುದರಲ್ಲಿ ಅಪ್ಪನ ಮಾತು ನಡೆಯುವುದಿಲ್ಲ. ಹೆಣ್ಣು ಮರಿಗೆ ಇಬ್ಬರಿಂದಲೂ ಒಂದೊಂದು ಎಕ್ಸ್. ಮರಿ ಇನ್ನೂ ಹೊಟ್ಟೆಯೊಳಗೆ ಪುಟ್ಟ ಭ್ರೂಣವಾಗಿರುವಾಗಲೇ ಒಂದೊಂದು ಜೀವಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಕೆಲಸ ನಿಲ್ಲಿಸುತ್ತದೆ. ಯಾವುದು ಅಂತ ನಿಯಮವಿಲ್ಲ. ಅಪ್ಪನ ಎಕ್ಸ್ ಉಳಿದ ಕಡೆ ಕೆಂಚು ಕೂದಲು, ಅಮ್ಮನದು ಉಳಿದ ಕಡೆ ಕಪ್ಪು. ಬಿಳಿ ಬೇರೆ ಜೀನಿನ ಕೆಲಸ. ಅದೂ ಸೇರಿದರೆ ಮೀನು ಮಾರ್ಕೆಟ್ಟಿನಲ್ಲಿ ಕಾಣುವ ಮೂರು ಬಣ್ಣದ ಬೆಕ್ಕು. ಅಂಥವು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣೇ. ಅಪರೂಪದ ಗಂಡಿಗೆ ಸಾಮಾನ್ಯವಾಗಿ ಎಕ್ಸ್ ಒಂದು ಜಾಸ್ತಿ ಇರುತ್ತದೆ, ಅದಕ್ಕೆ ಮರಿ ಆಗುವುದು ಕಷ್ಟ. ಅದೃಷ್ಟದ ಬೆಕ್ಕು ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಮಚ್ಚೆ ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳುವ ಹಾಗಿಲ್ಲ. 2001ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮೂರು ಬಣ್ಣದ ಬೆಕ್ಕೊಂದನ್ನು ಕ್ಲೋನ್ ಮಾಡಿದರು. ಹುಟ್ಟಿದ 'ಸಿಸಿ'ಗೆ ಡಿಎನ್‌ಎ ಅದೇ, ಆದರೆ ಮೈಮೇಲೆ ಕೆಂಚು ಬಣ್ಣವೇ ಇರಲಿಲ್ಲ!

ಈಗ ನಿಮ್ಮ ಮರಿಗಳ ಬಾಲ ಎತ್ತಿ ನೋಡಿ. ಮಚ್ಚೆಯವು ಹೆಣ್ಣಾಗಿರಬೇಕು, ಅವುಗಳ ಅಪ್ಪ ಕೆಂಚನೇ. ಅದು ನಿಮ್ಮವನೋ ಪಕ್ಕದ ಬಿಲ್ಡಿಂಗಿನವನೋ ಬಣ್ಣ ನೋಡಿ ಹೇಳಲಾಗದು. ಕಪ್ಪು ಮರಿ ಗಂಡಾದರೆ ಅಪ್ಪನ ಬಗ್ಗೆ ಏನೂ ತಿಳಿಯದು. ಹೆಣ್ಣಾದರೆ ಮಾತ್ರ ಅದರ ಅಪ್ಪ ಬೇರೆ. ಒಂದೇ ಸೂಲಿನ ಮರಿಗಳಿಗೆ ಇಬ್ಬರು ಅಪ್ಪಂದಿರು ಇರುವುದು ಬೆಕ್ಕುಗಳಲ್ಲಿ ಉಂಟು.

ತಾಯಿಯ ಗದ್ದದ ಕೆಳಗೆ, ಬೆರಳ ಸಂದಿಯಲ್ಲೂ ಒಮ್ಮೆ ನೋಡಿ. ನಾಲ್ಕು ಕೆಂಚು ಕೂದಲು ಸಿಕ್ಕರೆ ಅದು ಅಪ್ಪಟ ಕರಿ ಬೆಕ್ಕಲ್ಲ, ಮುಂದಿನ ಸಲ ಪೂರ್ತಿ ಕೆಂಚು ಮರಿಯೂ ಹುಟ್ಟಬಹುದು.